ಜುಲೈ 20ರ ಪತ್ರಿಕೆ ಮತ್ತು ಪಿಗ್ಮಿ ಏಜೆಂಟ್

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಹಾಸ್ಯ ಲೇಖನವನ್ನು ನಿಧಾನವಾಗಿ ಓದಿದೆ. 1969ರ ಜುಲೈ 20ರ ಪತ್ರಿಕೆ ಮುಂದಿಟ್ಟುಕೊಂಡು, ಆ ಒಂದೇ ದಿನದ ಸುದ್ದಿಗಳಿಂದ ಜನರ ಮನೆಗಳಲ್ಲಿ ಏನೇನು ಎಡವಟ್ಟು ಆಗಬಹುದಿತ್ತು ಅಂತ ಬರೆಯುವ ಯೋಚನೆ ನನಗೆ ತುಂಬಾ ಹಿಡಿಸಿತು. ದಿನವನ್ನೂ ಚೆನ್ನಾಗಿ ಆರಿಸಿದ್ದೀಯ. ಹಿಂದಿನ ರಾತ್ರಿ ಇಂದಿರಾ ಗಾಂಧಿ ರೇಡಿಯೋದಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ ಘೋಷಿಸಿದ್ದರು. ಅದೇ ರಾತ್ರಿ ಅಪೋಲೋ 11 ಚಂದ್ರನ ಕಕ್ಷೆ ಸೇರಿತ್ತು. ಇಂಥ ಎರಡು ಸುದ್ದಿ ಒಂದೇ ದಿನ ಸಿಗುವುದು ಅಪರೂಪ.

ಆದರೆ ಲೇಖನ ಇನ್ನೂ ನಗಿಸುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ. ಆ ಭಾನುವಾರ ಬೆಳಗ್ಗೆ ಪತ್ರಿಕೆ ಬಿಡಿಸಿದ ಮನುಷ್ಯನಿಗೆ ಗೊತ್ತಿಲ್ಲದ್ದೆಲ್ಲ ನಿನಗೆ ಗೊತ್ತಿದೆ. ಅದನ್ನೆಲ್ಲ ನೀನು ಅವನ ಬಾಯಲ್ಲಿ ಹಾಕಿಬಿಟ್ಟಿದ್ದೀಯ. ನಿನ್ನ ಪಾತ್ರಗಳು ಸುಪ್ರೀಂ ಕೋರ್ಟು ಈ ಕಾನೂನನ್ನು ರದ್ದು ಮಾಡುತ್ತೆ ಅಂತ ಮಾತಾಡುತ್ತವೆ. ಅದು ಆಗಿದ್ದು 1970ರ ಫೆಬ್ರವರಿಯಲ್ಲಿ. ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಸೇರಿಹೋಗುತ್ತೆ ಅಂತ ಒಬ್ಬ ಭವಿಷ್ಯ ಹೇಳುತ್ತಾನೆ. ಅದು 2020ರ ಮಾತು. ಗಗನಯಾತ್ರಿಗಳು ಕ್ಷೇಮವಾಗಿ ಮರಳಿ ಬರುತ್ತಾರೆ ಅಂತ ಎಲ್ಲರಿಗೂ ಮೊದಲೇ ಖಾತ್ರಿ ಇದೆ. ಆ ಬೆಳಗ್ಗೆ ಅವರು ಇನ್ನೂ ಚಂದ್ರನ ಮೇಲೆ ಇಳಿದೇ ಇರಲಿಲ್ಲ, ಅಲ್ವಾ? ಓದುಗ ನಗುವುದು ಪಾತ್ರಕ್ಕೆ ಗೊತ್ತಿಲ್ಲದ ಜಾಗದಲ್ಲಿ. ಅವನ ಅರಿವನ್ನು ಆ ಒಂದು ಪತ್ರಿಕೆಯೊಳಗೇ ಇಡು. ಅವನು ಅದನ್ನು ಅಕ್ಷರಶಃ ನಂಬಲಿ. ನಂಬಿ ಕೆಲಸಕ್ಕೆ ಇಳಿಯಲಿ.

ವಿ.ವಿ. ಗಿರಿ ಅವರ ರಾಜೀನಾಮೆಯನ್ನೂ ತೆಗೆಯಬೇಕು. ಹಂಗಾಮಿ ರಾಷ್ಟ್ರಪತಿಯಾಗಿ ಅವರು ಬ್ಯಾಂಕ್ ಸುಗ್ರೀವಾಜ್ಞೆಗೆ ಸಹಿ ಹಾಕಿದ್ದು 19ರಂದು. ರಾಜೀನಾಮೆ ಕೊಟ್ಟದ್ದು 20ರಂದು. ಹಾಗಿರುವಾಗ 20ರ ಬೆಳಗಿನ ಪತ್ರಿಕೆಯಲ್ಲಿ ಆ ಸುದ್ದಿ ಹೇಗೆ ಬರುತ್ತೆ? ಘಟನೆ ನಡೆದ ದಿನ ಬೇರೆ, ಅದು ಅಚ್ಚಾಗಿ ಮನೆ ಬಾಗಿಲಿಗೆ ಬರುವ ದಿನ ಬೇರೆ. ಒಂದೇ ದಿನದ ಪತ್ರಿಕೆ ಅಂತ ಓದುಗರಿಗೆ ಮಾತು ಕೊಟ್ಟಿದ್ದೀಯ, ಉಳಿಸಿಕೊಳ್ಳಬೇಕು.

ಈಗ ಚಂದ್ರನ ಮೊಲದ ವಿಷಯ. ಚಂದ್ರನ ಮೇಲೆ ಬ್ಯಾಂಕ್ ಶಾಖೆ, ಮೊಲಕ್ಕೆ ಸಾಲ ಅಂತ ಬರೆದಿದ್ದೀಯ. ಇದು ಯಾರಿಗಾದರೂ ಮೊದಲು ಹೊಳೆಯುವ ತಮಾಷೆ. ಹೊಳೆದದ್ದನ್ನು ಪಕ್ಕಕ್ಕಿಟ್ಟು ಇನ್ನೂ ಸ್ವಲ್ಪ ಹುಡುಕು. ನಿನ್ನದೇ ಲೇಖನದ ಮೂರನೇ ಪುಟದಲ್ಲಿ ಒಬ್ಬ ಪಿಗ್ಮಿ ಏಜೆಂಟ್ ಸುಮ್ನೆ ಹೀಗೆ ಬಂದು ಹಾಗೆ ಹೋಗುತ್ತಾನೆ. ಅವನೇ ಕಣಪ್ಪಾ ನಿನ್ನ ಕಥಾನಾಯಕ! ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಏಜೆಂಟು ಮನೆಗೆ, ಅಂಗಡಿಗೆ ದಿನಾ ಬಂದು ಇಸಕೊಂಡು ಹೋಗುತ್ತಿದ್ದ.

ಅವನನ್ನು ಆ ಭಾನುವಾರ ಉಡುಪಿಯ ಒಂದು ಹೋಟೆಲಿಗೆ ಕಳಿಸು. ಶನಿವಾರದವರೆಗೆ ಅವನು ಗಲ್ಲಾ ಪಕ್ಕ ನಿಂತು ಕಾಯಬೇಕಿತ್ತು. ಇವತ್ತು ಬ್ಯಾಂಕು ಸರ್ಕಾರದ್ದು. ಮಾಲೀಕರು ಎದ್ದು ನಿಂತು ಕುರ್ಚಿ ಕೊಡುತ್ತಾರೆ, ಕಾಫಿ ತರಿಸುತ್ತಾರೆ, ಅಂಗಡಿ ಲೈಸೆನ್ಸ್ ತೆಗೆದು ತೋರಿಸುತ್ತಾರೆ. ಅವನಿಗೆ ಬೇಕಾದದ್ದು ಅದೇ ಹಳೆಯ ಚಿಲ್ಲರೆ ಕಾಸು. ಅದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತಿದೆ! ಕೊನೆಗೆ ಬಾಯಿಬಿಟ್ಟು ಕೇಳಿದರೆ ಮಾಲೀಕರ ಮಾಮೂಲಿ ಉತ್ತರ: "ನಾಳೆ ಬನ್ನಿ."

ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತಿರುವ ವಿಜ್ಞಾನದ ಮೇಷ್ಟ್ರು ಅಪೋಲೋ ಸುದ್ದಿ ಗಟ್ಟಿಯಾಗಿ ಓದಲಿ. ಚಂದ್ರನ ಮೇಲೆ ಒಂದು ಸೂರ್ಯೋದಯದಿಂದ ಇನ್ನೊಂದು ಸೂರ್ಯೋದಯಕ್ಕೆ ನಮ್ಮ ಲೆಕ್ಕದಲ್ಲಿ ಸುಮಾರು 29 ದಿನ 12 ಗಂಟೆ ಅಂತ ವಿವರಿಸಲಿ. ಮಾಲೀಕರ ಕೈ ಗಲ್ಲಾ ಮೇಲೇ ನಿಲ್ಲುತ್ತೆ. ಅಲ್ಲಿ ಹೋಟೆಲ್ ಇಟ್ಟರೆ ಪಿಗ್ಮಿ ತಿಂಗಳಿಗೊಮ್ಮೆ ಕಟ್ಟಿದರೆ ಸಾಕು. "ನಾಳೆ ಬನ್ನಿ" ಅಂದರೆ ಒಂದು ತಿಂಗಳು ನೆಮ್ಮದಿ. ಏಜೆಂಟನ ಮುಖ ಬಾಡುತ್ತೆ, ಯಾಕೆಂದರೆ ಅವನಿಗೆ ಕಮಿಷನ್ ಬರುವುದು ವಸೂಲಾದ ದುಡ್ಡಿನ ಮೇಲೆ. ಆಗ ಅಡುಗೆಯವನು ಒಳಗಿನಿಂದ ಬಂದು ದಿನಗೂಲಿಯ ವಿಷಯ ಎತ್ತುತ್ತಾನೆ. ಮಾಲೀಕರು ಚಂದ್ರನ ಆಸೆ ಇನ್ನೂ ಜಾಸ್ತಿ ಮಾಡಿಕೊಳ್ಳುತ್ತಾರೆ. ನೋಡು, ಇಲ್ಲಿ ಮೊಲ ಬೇಕಾಗಲೇ ಇಲ್ಲ. ಎರಡು ಸುದ್ದಿ, ಒಂದು ನಿಜವಾದ ಲೆಕ್ಕ, ದುಡ್ಡು ಕೊಡಲು ಮನಸ್ಸಿಲ್ಲದ ಒಬ್ಬ ಮನುಷ್ಯ. ಅಷ್ಟರಿಂದಲೇ ಎಲ್ಲ ತಾನಾಗಿ ಹುಟ್ಟಿತು.

ಇನ್ನೊಂದು ಕೊಡುತ್ತೇನೆ, ಬೇಕಾದರೆ ಬಳಸಿಕೋ. 50 ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ಠೇವಣಿ ಇದ್ದ ಬ್ಯಾಂಕುಗಳನ್ನು ಮಾತ್ರ ಸರ್ಕಾರ ತೆಗೆದುಕೊಂಡಿತು. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಎರಡೂ ಪಟ್ಟಿಯಲ್ಲಿದ್ದವು. ಮಂಗಳೂರಿನ ವಿಜಯಾ ಬ್ಯಾಂಕ್ ಇರಲಿಲ್ಲ, ಅದರ ಸರದಿ ಬಂದದ್ದು 1980ರಲ್ಲಿ. ಒಂದೇ ಮನೆಯಲ್ಲಿ ಅಣ್ಣ ಕೆನರಾದಲ್ಲಿ ಗುಮಾಸ್ತ, ತಮ್ಮ ವಿಜಯಾದಲ್ಲಿ ಗುಮಾಸ್ತ ಅಂತಿಟ್ಟುಕೋ. ಇಬ್ಬರಿಗೂ ಮದುವೆಯಾಗಿಲ್ಲ. ಭಾನುವಾರ ಹತ್ತು ಗಂಟೆಯೊಳಗೆ ಅಣ್ಣನಿಗೆ ನಾಲ್ಕು ಜಾತಕ ಬಂದಿವೆ, ಸರ್ಕಾರಿ ಗಂಡು ಅಂತ. ತಮ್ಮನಿಗೆ ಬಂದದ್ದು ಅಣ್ಣನ ಹಳೇ ಕೊಡೆ. ತಮ್ಮ ಅದನ್ನೇ ಹಿಡಿದು ಜುಲೈ ಮಳೆಯಲ್ಲಿ ಮನೆಮನೆ ಸುತ್ತುತ್ತಾನೆ. ನಮ್ಮ ಬ್ಯಾಂಕಿನಲ್ಲಿ ಠೇವಣಿ ಇಡಿ, 50 ಕೋಟಿ ಆಗಲಿ, ನನಗೂ ಒಂದು ಹೆಣ್ಣು ಸಿಗಲಿ! ಊರಿನವರು ಮರುಗಿ ಕೊಡುತ್ತಾರೆ. ಸಂಜೆ ಮ್ಯಾನೇಜರ್ ಹೇಳುತ್ತಾರೆ, ಸರ್ಕಾರ ನೋಡಿದ್ದು ಜೂನ್ ಕೊನೆಯ ಶುಕ್ರವಾರದ ಲೆಕ್ಕವನ್ನು ಅಂತ. ಆ ಶುಕ್ರವಾರದ ವಿವರ ನಾನು ಸೇರಿಸಿದ್ದಲ್ಲ, ಸುಗ್ರೀವಾಜ್ಞೆಯಲ್ಲೇ ಇದೆ. ಕಾಗದಪತ್ರ ಪೂರ್ತಿ ಓದು ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ನಾವು ಕೂತು ಕಟ್ಟಿದ ತಿರುವಿಗಿಂತ ಒಳ್ಳೆಯದು ಅಲ್ಲಿ ಬಿದ್ದಿರುತ್ತೆ.

ಆ ವಾರಾಂತ್ಯದಲ್ಲೇ ಅಮೆರಿಕದಲ್ಲಿ ಸೆನೆಟರ್ ಎಡ್ವರ್ಡ್ ಕೆನಡಿ ಅವರ ಕಾರು ಸೇತುವೆಯಿಂದ ನೀರಿಗೆ ಬಿದ್ದು ಒಬ್ಬ ಯುವತಿ ತೀರಿಕೊಂಡಿದ್ದಳು. ನೀನು ಅದನ್ನು ಮುಟ್ಟಿಲ್ಲ. ನನಗೆ ತುಂಬಾ ಸಮಾಧಾನವಾಯಿತು. ಹಳೆಯ ಪತ್ರಿಕೆಯಲ್ಲಿ ಸತ್ತವರಿಗೂ ಮನೆಯವರಿರುತ್ತಾರೆ.

ಟಿ.ವಿ. ನೋಡುವ ದೃಶ್ಯ ತೆಗೆದುಬಿಡು. ಆಗ ನಮ್ಮ ದೇಶದಲ್ಲಿ ಟಿ.ವಿ. ಇದ್ದದ್ದು ದೆಹಲಿಯಲ್ಲಿ ಮಾತ್ರ. ನಿನ್ನ ಉಡುಪಿಯವರು ರೇಡಿಯೋ ಸುತ್ತ ಕೂರಲಿ.

ಕೊನೆಯ ಭಾಗದಲ್ಲಿ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಡುತ್ತಾರೆ. ಆ ಹೊತ್ತು ನಮ್ಮಲ್ಲಿ ಸೋಮವಾರ ಬೆಳಗ್ಗೆ 8 ಗಂಟೆ 26 ನಿಮಿಷ. ರಾಷ್ಟ್ರೀಕರಣವಾದ ಮೇಲಿನ ಮೊದಲ ಕೆಲಸದ ದಿನಕ್ಕೆ ಬ್ಯಾಂಕಿನವರು ತಿಂಡಿ ತಿಂದು ಹೊರಡುವ ಸಮಯ. ಎಂಥ ಸೊಗಸಾದ ಹೊಂದಾಣಿಕೆ! ಆದರೂ ಇಲ್ಲಿ ಬೇಡ. ಈ ಲೇಖನ ಭಾನುವಾರ ರಾತ್ರಿಗೇ ನಿಲ್ಲಲಿ, ಅಣ್ಣನಿಗೆ ಹೆಣ್ಣು ಗೊತ್ತಾಗುವ ಮೊದಲು, ಹೋಟೆಲ್ ಮಾಲೀಕರು ಚಂದ್ರನ ಬಾಡಿಗೆ ವಿಚಾರಿಸುತ್ತಿರುವಾಗಲೇ. ಸೋಮವಾರದ ಬೆಳಗ್ಗೆಗೆ ಬೇರೆ ಲೇಖನ ಬರೆ. ಅದಕ್ಕೆ 22ರ ಪತ್ರಿಕೆ ಬೇಕಾಗುತ್ತೆ, ಗ್ರಂಥಾಲಯದಲ್ಲಿ ಹುಡುಕಿಸು. ಮೊದಲು ಇದನ್ನು ತಿದ್ದಿ ಕಳಿಸು, ಏಜೆಂಟನನ್ನು ಒಂದನೇ ಪುಟಕ್ಕೆ ತಂದು.

ಇಂತಿ,
ನಿನ್ನ ಅಕ್ಕ