ಪುಸ್ತಕದ ಹೆಸರಿನ ಜೊತೆ ಅನುವಾದಕರ ಹೆಸರನ್ನೂ ಬರಿ

ಗೆಳೆಯಾ,

"ಈಗ ಏನು ಓದ್ತಿದ್ದೀಯ?" ಎಂದು ಒಂದೇ ಸಾಲಿನಲ್ಲಿ ಕೇಳಿ ಸುಮ್ಮನಾಗಿದ್ದೀಯ. ಉತ್ತರವನ್ನೂ ಒಂದೇ ಸಾಲಿನಲ್ಲಿ ಮುಗಿಸಬಹುದು: ಮೆಕ್ಸಿಕೊದ್ದೊಂದು, ಹಂಗೇರಿಯದ್ದೊಂದು, ಅಲ್ಜೀರಿಯದ್ದೊಂದು. ಆದರೆ ಬೇರೆ ದೇಶದ ಕಾದಂಬರಿಯ ಹೆಸರನ್ನಷ್ಟೇ ಹೇಳುವುದೆಂದರೆ ಮನೆ ನಂಬರ್ ಇಲ್ಲದ ವಿಳಾಸ ಕೊಟ್ಟ ಹಾಗೆ. ಒಂದೇ ಹೆಸರಿನ ಪುಸ್ತಕ ನನ್ನ ಕೈಯಲ್ಲೊಂದು ಥರ, ನಿನ್ನ ಕೈಯಲ್ಲೊಂದು ಥರ ಇರುತ್ತದೆ. ನಾವಿಬ್ಬರೂ ಅದನ್ನೇ ಓದಿದ್ದೇವೆ ಅಂದುಕೊಂಡು ವಾದಕ್ಕೆ ಕೂರುತ್ತೇವೆ.

ಸ್ಟಾನಿಸ್ಲಾವ್ ಲೆಮ್‌ನ 'ಸೋಲಾರಿಸ್' ತಗೋ. ಪೋಲಿಷ್‌ನಲ್ಲಿ ಬಂದದ್ದು 1961ರಲ್ಲಿ. 1970ರಲ್ಲಿ ಬಂದ ಇಂಗ್ಲಿಷ್ ಅನುವಾದ ಪೋಲಿಷ್‌ನಿಂದ ಆದದ್ದಲ್ಲ, ಫ್ರೆಂಚ್ ಅನುವಾದದಿಂದ ಆದದ್ದು. ದಾಟುವಾಗ ಪಾತ್ರಗಳ ಹೆಸರುಗಳೂ ಬದಲಾದವು: ನಾಯಕಿ ಹಾರೆ ಹೋಗಿ ರೇಯಾ ಆದಳು, ಸ್ನೌಟ್ ಹೋಗಿ ಸ್ನೋ ಆದ. ಪೋಲಿಷ್‌ನಿಂದ ನೇರವಾಗಿ ಬಿಲ್ ಜಾನ್ಸ್ಟನ್ ಮಾಡಿದ ಅನುವಾದ ಬಂದದ್ದು 2011ರಲ್ಲಿ, ಅದೂ ಮೊದಲು ಆಡಿಯೊ ಪುಸ್ತಕವಾಗಿ, ಆಮೇಲೆ ಇ-ಪುಸ್ತಕವಾಗಿ. ಹಾಗಾಗಿ ಅಚ್ಚಿನ ಪ್ರತಿ ಕೈಗೆ ಸಿಕ್ಕರೆ ಅದು ಬಹುಮಟ್ಟಿಗೆ ಹಳೆಯದೇ. ನಾಯಕಿಯ ಹೆಸರು ನೋಡಿದರೆ ಸಾಕು, ಯಾವುದು ಅಂತ ಗೊತ್ತಾಗುತ್ತದೆ.

ರಷ್ಯನ್ ಲೇಖಕ ಬುಲ್ಗಾಕೊವ್‌ನ 'ದ ಮಾಸ್ಟರ್ ಆ್ಯಂಡ್ ಮಾರ್ಗರಿಟಾ'ದ ಕಥೆ ಬೇರೆ. ಅವನು ತೀರಿಕೊಂಡದ್ದು 1940ರಲ್ಲಿ. ಕಾದಂಬರಿ 'ಮಾಸ್ಕ್ವಾ' ಪತ್ರಿಕೆಯಲ್ಲಿ ಮೊದಲ ಬಾರಿ ಬಂದದ್ದು 1966–67ರಲ್ಲಿ, ಅದೂ ಸೆನ್ಸಾರಿನ ಕತ್ತರಿ ಬಿದ್ದು. ಮಿರ್ರಾ ಗಿನ್ಸ್‌ಬರ್ಗ್ 1967ರಲ್ಲಿ ಅನುವಾದಿಸಿದ್ದು ಆ ಕತ್ತರಿಸಿದ ಪಠ್ಯವನ್ನು. ಓದಲು ಹಗುರ, ಚುರುಕು, ಒಪ್ಪುತ್ತೇನೆ. ಆದರೆ ಪೂರ್ತಿ ಪುಸ್ತಕ ಅದಲ್ಲ. ಪೂರ್ತಿ ಬೇಕಿದ್ದರೆ ಬರ್ಗಿನ್–ಓಕಾನರ್ (1995) ಅಥವಾ ಪೀವಿಯರ್–ವೊಲೊಖೊನ್‌ಸ್ಕಿ (1997). ನನ್ನ ಆಯ್ಕೆ ಮೊದಲನೆಯದು, ಹಿಂದಿರುವ ಟಿಪ್ಪಣಿಗಳಿಗಾಗಿ.

ಕತ್ತರಿ ಹಾಕುವುದು ಸರ್ಕಾರ ಮಾತ್ರ ಅಂದುಕೊಳ್ಳಬೇಡ. ಮುರಕಾಮಿಯ 'ದ ವೈಂಡ್-ಅಪ್ ಬರ್ಡ್ ಕ್ರಾನಿಕಲ್' ಜಪಾನಿನಲ್ಲಿ ಮೂರು ಸಂಪುಟ. ಜೇ ರೂಬಿನ್‌ನ ಇಂಗ್ಲಿಷ್ (1997) ಒಂದೇ ಸಂಪುಟ. ಪ್ರಕಾಶಕರು ಉದ್ದಕ್ಕೆ ಮಿತಿ ಹಾಕಿದ್ದರಿಂದ ಕೆಲವು ಭಾಗಗಳನ್ನು ಕೈಬಿಟ್ಟು, ಕೆಲವನ್ನು ಹಿಂದೆಮುಂದೆ ಮಾಡಬೇಕಾಯಿತು. ಕೊನೆಯ ಭಾಗದಲ್ಲಿ ಎಳೆಗಳು ಸಡಿಲ ಅನ್ನಿಸಿದರೆ ಪೂರ್ತಿ ತಪ್ಪನ್ನು ಮುರಕಾಮಿಯ ತಲೆಗೆ ಕಟ್ಟಬೇಡ. 'ದ ತ್ರೀ-ಬಾಡಿ ಪ್ರಾಬ್ಲಮ್' ಇನ್ನೊಂದು ಥರ. ಸಾಂಸ್ಕೃತಿಕ ಕ್ರಾಂತಿಯ ಅಧ್ಯಾಯಗಳು ಚೀನೀ ಪುಸ್ತಕದಲ್ಲಿ ನಡುವೆ ಇದ್ದವು. ಕೆನ್ ಲಿಯು 2014ರ ಅನುವಾದದಲ್ಲಿ ಅವನ್ನು ತಂದು ಮೊದಲಿಗೆ ಇಟ್ಟ, ಲೇಖಕ ಲಿಯು ಸಿಶಿನ್‌ನ ಒಪ್ಪಿಗೆ ಪಡೆದೇ. ಕಾದಂಬರಿ ಗೆದ್ದದ್ದು ಈ ಬದಲಾವಣೆಯಿಂದ ಅಂತ ನನಗೆ ಅನ್ನಿಸುತ್ತದೆ.

ಇದಕ್ಕೇ ಹೇಳುವುದು, ಪುಸ್ತಕ ಕೈಗೆ ಬಂದ ಕೂಡಲೇ ಕಾಪಿರೈಟ್ ಪುಟ ತೆರೆ. ಅಲ್ಲಿ ನಾಲ್ಕು ಸಂಗತಿ ನೋಡು: ಮೂಲದ ಹೆಸರು, ಮೂಲ ಪ್ರಕಟವಾದ ವರ್ಷ, ಅನುವಾದದ ವರ್ಷ, ಯಾವ ಭಾಷೆಯಿಂದ ಅನುವಾದ. ವರ್ಷಗಳ ನಡುವಿನ ಅಂತರ ಮುಖ್ಯ. ಯೋಕೊ ಒಗಾವಾಳ 'ದ ಮೆಮೊರಿ ಪೊಲೀಸ್' ಇಂಗ್ಲಿಷ್‌ಗೆ 2019ರಲ್ಲಿ ಬಂದಾಗ ಇಂದಿನ ಮೊಬೈಲು, ಕ್ಯಾಮೆರಾ ಕಣ್ಗಾವಲಿನ ಮೇಲೆ ಬರೆದದ್ದು ಅಂತ ಎಷ್ಟೋ ಜನ ಓದಿದರು. ಮೂಲ ಬಂದದ್ದು 1994ರಲ್ಲಿ. ಅನುವಾದಕರ ಹೆಸರೇ ಇಲ್ಲದ ಅಗ್ಗದ ಪ್ರತಿಯಾಗಿದ್ದರೆ ಅದು ಸಾಮಾನ್ಯವಾಗಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಅನುವಾದದ ಮರುಮುದ್ರಣ. ರಷ್ಯನ್ ಕಾದಂಬರಿಯಾದರೆ ಕಾನ್ಸ್ಟನ್ಸ್ ಗಾರ್ನೆಟ್‌ಳದ್ದು ಇರಬಹುದು, ಅದು ಓದಲಡ್ಡಿಯಿಲ್ಲ. ಜೂಲ್ಸ್ ವರ್ನ್ ಆದರೆ ಹುಷಾರು. 'ಟ್ವೆಂಟಿ ಥೌಸಂಡ್ ಲೀಗ್ಸ್'ನ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಅನುವಾದದಲ್ಲಿ ಮರ್ಸಿಯರ್ ಎಂಬಾತ ಪುಟಗಟ್ಟಲೆ ವಿಜ್ಞಾನದ ವಿವರಗಳನ್ನೇ ಹಾರಿಸಿಬಿಟ್ಟಿದ್ದ. ಅದೇ ಇವತ್ತಿಗೂ ಮರುಮುದ್ರಣವಾಗುತ್ತಿದೆ, ಅದನ್ನೋದಿದವರು ವರ್ನ್ ಮಕ್ಕಳ ಲೇಖಕ ಅಂದುಕೊಳ್ಳುತ್ತಾರೆ.

ಸರಿ, ಈಗ ಮೇಜಿನ ಮೇಲಿರುವುದಕ್ಕೆ ಬರುತ್ತೇನೆ.

ಹುವಾನ್ ರುಲ್ಫೊನ 'ಪೇದ್ರೊ ಪಾರಾಮೊ' (1955). ಡಗ್ಲಸ್ ವೆದರ್‌ಫರ್ಡ್ 2023ರಲ್ಲಿ ಮಾಡಿದ ಅನುವಾದ. ಅದಕ್ಕೂ ಮೊದಲಿನ ಮಾರ್ಗರೆಟ್ ಸೇಯರ್ಸ್ ಪೆಡೆನ್‌ಳ ಅನುವಾದ (1994) ಸಿಕ್ಕರೂ ನಡೆಯುತ್ತದೆ. ತೆಳು ಪುಸ್ತಕ, ಒಂದು ಭಾನುವಾರದ್ದು. ಆದರೂ ಬಹಳ ಜನ ಮೂವತ್ತನೇ ಪುಟದ ಹೊತ್ತಿಗೆ ಕೈಬಿಡುತ್ತಾರೆ. ಯಾಕೆ ಅಂತ ಹೇಳುತ್ತೇನೆ ಕೇಳು. ಹುವಾನ್ ಪ್ರೆಸಿಯಾದೊ ಸಾಯುತ್ತಿರುವ ತಾಯಿಗೆ ಕೊಟ್ಟ ಮಾತಿಗಾಗಿ ಅಪ್ಪನನ್ನು ಹುಡುಕಿಕೊಂಡು ಕೊಮಾಲಕ್ಕೆ ಬರುತ್ತಾನೆ. ದಾರಿಯಲ್ಲಿ ಸಿಕ್ಕ ಹೇಸರಗತ್ತೆಯವನು ಅಬುಂದಿಯೊ, ತಾನೂ ಪೇದ್ರೊ ಪಾರಾಮೊನ ಮಗನೇ ಅನ್ನುತ್ತಾನೆ. ಕೊಮಾಲದ ಸೆಕೆ ಎಂಥದ್ದೆಂದರೆ, ಅಲ್ಲಿ ಸತ್ತು ನರಕಕ್ಕೆ ಹೋದವರು ಕಂಬಳಿ ಒಯ್ಯಲು ವಾಪಸ್ ಬರುತ್ತಾರಂತೆ. ಇಲ್ಲಿಯವರೆಗೆ ಸಲೀಸು. ಆಮೇಲೆ ಇದ್ದಕ್ಕಿದ್ದಂತೆ ಹೆಂಚಿನಿಂದ ಹನಿಯುವ ಮಳೆನೀರು ಅಂಗಳದ ಮರಳಿನಲ್ಲಿ ಗುಳಿ ಮಾಡುತ್ತಿರುತ್ತದೆ, ಒಬ್ಬ ಹುಡುಗ ಕಕ್ಕಸಿನಲ್ಲಿ ಕೂತು ಸುಸಾನಾ ಎಂಬ ಹುಡುಗಿಯನ್ನು ನೆನೆಯುತ್ತಿರುತ್ತಾನೆ, ಅಷ್ಟೊತ್ತು ಒಳಗೇನು ಮಾಡ್ತಿದ್ದೀಯೋ ಅಂತ ಅಮ್ಮ ಹೊರಗಿನಿಂದ ಕೂಗುತ್ತಾಳೆ. ಯಾವ ಹುಡುಗ, ಯಾವ ಕಾಲ, ಏನೂ ಹೇಳುವುದಿಲ್ಲ. ಅಧ್ಯಾಯದ ಸಂಖ್ಯೆಯೂ ಇಲ್ಲ, ತುಣುಕುಗಳ ನಡುವೆ ಬಿಟ್ಟ ಖಾಲಿ ಜಾಗ ಅಷ್ಟೇ.

ಆ ಹುಡುಗನೇ ಪೇದ್ರೊ. ಕಾದಂಬರಿಗೆ ಎರಡು ಎಳೆ: ಮಗ ಕೊಮಾಲಕ್ಕೆ ಬಂದದ್ದು, ಅಪ್ಪ ಕೊಮಾಲವನ್ನು ನುಂಗಿದ್ದು. ಪೆನ್ಸಿಲ್ ಹಿಡಿದು ಪ್ರತಿ ತುಣುಕಿನ ಪಕ್ಕ ಮಗನದಾದರೆ 'ಮ', ಅಪ್ಪನದಾದರೆ 'ಅ' ಅಂತ ಬರೆದುಕೊಂಡು ಹೋಗು, ಗೊತ್ತಾಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಸಾಗು. ಓರೆ ಅಕ್ಷರದಲ್ಲಿ ಬರುವ, ಹಸಿರು ಹೊಲಗಳ ಕೊಮಾಲವನ್ನು ವರ್ಣಿಸುವ ಸಾಲುಗಳು ಹುವಾನ್‌ನ ತಾಯಿಯ ನೆನಪು. ಅವನ ಕಣ್ಣೆದುರಿನ ಪಾಳುಬಿದ್ದ ಊರನ್ನು ಅವುಗಳ ಪಕ್ಕದಲ್ಲೇ ಇಟ್ಟುಕೊಂಡು ಓದಬೇಕು. ಮೊದಲ ಓದಿನಲ್ಲಿ ಕಾಲಾನುಕ್ರಮ ಜೋಡಿಸಲು ಹೋಗಲೇಬೇಡ, ಕೈಬಿಡುವವರೆಲ್ಲ ಸೋಲುವುದು ಅಲ್ಲೇ. ಸುಮಾರು ಅರ್ಧದಲ್ಲಿ ಒಂದು ವಿಷಯ ತಿಳಿಯುತ್ತದೆ, ಅದುವರೆಗೆ ಓದಿದ್ದೆಲ್ಲ ತಲೆಕೆಳಗಾಗುತ್ತದೆ. ಅದೇನೆಂದು ನಾನು ಹೇಳುವುದಿಲ್ಲ. ಮುನ್ನುಡಿಗಳು ಮಾತ್ರ ಯಾವ ಮುಲಾಜೂ ಇಲ್ಲದೆ ಹೇಳಿಬಿಡುತ್ತವೆ, ಕೆಲವು ಬೆನ್ನುಡಿಗಳೂ ಅಷ್ಟೇ. ಯಾವ ದೇಶದ ಹಳೆಯ ಕೃತಿಯಾದರೂ ಸರಿ, ಮುನ್ನುಡಿಯನ್ನು ಕೊನೆಗೆ ಓದು. ಅದನ್ನು ಬರೆಯುವ ವಿದ್ವಾಂಸರು ನೀನು ಕಥೆಯನ್ನು ಆಗಲೇ ಬಲ್ಲೆ ಅಂತ ಲೆಕ್ಕ ಹಾಕಿರುತ್ತಾರೆ.

ಎರಡನೆಯದು ಕ್ರಾಸ್ನಹೊರ್ಕಾಯಿಯ 'ಸತಾನ್‌ಟ್ಯಾಂಗೊ'. 2025ರ ನೊಬೆಲ್ ಬಂದ ಮೇಲೆ ಎಲ್ಲರ ಬಾಯಲ್ಲೂ ಇದೆ. ಮೂಲ 1985ರದು, ಕವಿ ಜಾರ್ಜ್ ಸಿರ್ಟಿಶ್‌ನ ಇಂಗ್ಲಿಷ್ 2012ರದು. ಹನ್ನೆರಡು ಅಧ್ಯಾಯ. ಒಂದರಿಂದ ಆರರವರೆಗೆ ಏರಿ, ಮತ್ತೆ ಆರರಿಂದ ಒಂದಕ್ಕೆ ಇಳಿಯುತ್ತವೆ, ಟ್ಯಾಂಗೊ ಕುಣಿತದ ಹೆಜ್ಜೆಯಂತೆ. ಸಂಖ್ಯೆ ತಪ್ಪಾಗಿ ಅಚ್ಚಾಗಿದೆ ಅಂತ ಗಾಬರಿಯಾಗಬೇಡ. ಪ್ರತಿ ಅಧ್ಯಾಯವೂ ಒಂದೇ ಪ್ಯಾರಾ. ಮಲಗುವ ಮುಂಚೆ ನಾಲ್ಕು ಪುಟ ಓದುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಿಲ್ಲಿಸಲು ಜಾಗವಿಲ್ಲ, ಮರುದಿನ ಎಲ್ಲಿದ್ದೆ ಅಂತ ಹುಡುಕುವುದರಲ್ಲೇ ಲಯ ಹೋಗಿರುತ್ತದೆ. ಒಂದು ಸಲ ಕೂತರೆ ಒಂದು ಅಧ್ಯಾಯ, ಕಡಿಮೆಯೂ ಬೇಡ, ಹೆಚ್ಚೂ ಬೇಡ. ಮೂರನೆಯದನ್ನು ಮುಗಿಸಿ ತೀರ್ಮಾನ ಮಾಡು. ಅದರಲ್ಲಿ ಕಿಟಕಿಯ ಪಕ್ಕ ಕೂತು, ಬ್ರಾಂದಿ ಕುಡಿಯುತ್ತ, ನೆರೆಯವರ ಒಂದೊಂದು ಚಲನೆಯನ್ನೂ ನೋಟ್‌ಬುಕ್‌ನಲ್ಲಿ ಬರೆದಿಡುವ ಡಾಕ್ಟರ್ ಬರುತ್ತಾನೆ. ಆ ಅಧ್ಯಾಯ ಹಿಡಿಸದಿದ್ದರೆ ಪುಸ್ತಕ ಮುಚ್ಚು, ಮುಂದೆಯೂ ಹಿಡಿಸುವುದಿಲ್ಲ.

ಮೂರನೆಯದು ಕಮೆಲ್ ದಾವುದ್‌ನ 'ದ ಮರ್ಸೊ ಇನ್ವೆಸ್ಟಿಗೇಶನ್', ಅಲ್ಜೀರಿಯದಲ್ಲಿ 2013ರಲ್ಲಿ ಬಂದದ್ದು. ಇದನ್ನು ಒಂಟಿಯಾಗಿ ಓದಿ ಪ್ರಯೋಜನವಿಲ್ಲ. ಕಾಮುವಿನ 1942ರ ಕಾದಂಬರಿ 'ದ ಸ್ಟ್ರೇಂಜರ್'ನಲ್ಲಿ ಕಡಲತೀರದಲ್ಲಿ ಗುಂಡೇಟಿಗೆ ಸತ್ತವನನ್ನು ಬರೀ 'ಅರಬ' ಅಂದು ಮುಗಿಸಲಾಗಿದೆ. ದಾವುದ್ ಅವನಿಗೆ ಮೂಸಾ ಎಂಬ ಹೆಸರು ಕೊಟ್ಟು, ಅವನ ತಮ್ಮ ಹಾರೂನ್‌ನ ಬಾಯಲ್ಲಿ ಕಥೆ ಹೇಳಿಸುತ್ತಾನೆ. ಮೊದಲು ಕಾಮು, ವಾರದೊಳಗೆ ದಾವುದ್. ತಡ ಮಾಡಿದರೆ ಕಾಮುವಿನ ಪ್ರಸಂಗಗಳನ್ನು ಇವನು ಎಲ್ಲಿ ತಿರುಗಿಸಿಟ್ಟಿದ್ದಾನೆ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಈ ಜೋಡಿ ಓದು ಹಿಡಿಸಿದರೆ ಕಾನ್ರಾಡ್‌ನ 'ಹಾರ್ಟ್ ಆಫ್ ಡಾರ್ಕ್‌ನೆಸ್' ಪಕ್ಕದಲ್ಲಿ ಸುಡಾನಿನ ತಯೇಬ್ ಸಾಲಿಹ್‌ನ 'ಸೀಸನ್ ಆಫ್ ಮೈಗ್ರೇಶನ್ ಟು ದ ನಾರ್ತ್' (1966) ಇಟ್ಟುಕೋ.

ಹಾನ್ ಕಾಂಗ್‌ಳ 'ದ ವೆಜಿಟೇರಿಯನ್' ನಿನ್ನ ಹತ್ತಿರ ಇದೆಯಲ್ಲ. ಮೂರು ಭಾಗ: ಗಂಡ ತಾನೇ ಹೇಳುವುದು, ಭಾವನ ಕಡೆಯಿಂದ ಹೇಳುವುದು, ಅಕ್ಕನ ಕಡೆಯಿಂದ ಹೇಳುವುದು. ಮಾಂಸ ಬಿಟ್ಟವಳು ಯೋಂಗ್-ಹೆ, ಅವಳಿಗೆ ಸಿಗುವುದು ಕೆಲವು ಕನಸಿನ ತುಣುಕು ಮಾತ್ರ. ಅವಳು ಯಾಕೆ ವಿವರಿಸುತ್ತಿಲ್ಲ ಅಂತ ಕಾಯುತ್ತ ಕೂತರೆ ನಿರಾಶೆ ಖಂಡಿತ. ಹೇಳುವವರು ಏನನ್ನು ನೋಡಲು ಒಲ್ಲರು ಅನ್ನುವುದನ್ನು ನೋಡು. ಡೆಬೊರಾ ಸ್ಮಿತ್‌ಳ ಅನುವಾದಕ್ಕೆ 2016ರಲ್ಲಿ ಇಂಟರ್‌ನ್ಯಾಶನಲ್ ಬೂಕರ್ ಬಂತು, ಮೂಲಕ್ಕೆ ಎಷ್ಟು ನಿಷ್ಠ ಎಂಬ ಜಗಳವೂ ಜೊತೆಗೇ ಬಂತು. ಆ ಜಗಳವನ್ನೂ ಓದಿದ ಮೇಲೆ ನೋಡು.

ಹೆಸರುಗಳು ತಲೆ ತಿನ್ನುತ್ತವೆ ಅಂತ ರಷ್ಯನ್ನರನ್ನು ದೂರ ಇಟ್ಟಿದ್ದೀಯ. ಅದಕ್ಕೊಂದು ಚೀಟಿ ಸಾಕು. ರಷ್ಯನ್ ಹೆಸರಿಗೆ ಮೂರು ತುಂಡು: ತನ್ನ ಹೆಸರು, ಅಪ್ಪನಿಂದ ಬಂದ ಹೆಸರು, ಮನೆತನದ ಹೆಸರು. ದೋಸ್ತೊಯೆವ್‌ಸ್ಕಿಯ 'ಕ್ರೈಮ್ ಆ್ಯಂಡ್ ಪನಿಶ್‌ಮೆಂಟ್'ನ ನಾಯಕ ರೊದಿಯೋನ್ ರೊಮಾನೊವಿಚ್ ರಸ್ಕೋಲ್ನಿಕೊವ್ ಅಂದರೆ ರೊಮಾನ್‌ನ ಮಗ ರೊದಿಯೋನ್. ಅಪರಿಚಿತರು ಮೊದಲೆರಡನ್ನು ಸೇರಿಸಿ ಗೌರವದಿಂದ ಕರೆಯುತ್ತಾರೆ, ಅಮ್ಮ 'ರೋದ್ಯಾ' ಅನ್ನುತ್ತಾಳೆ. ತಂಗಿ ಅವ್ದೋತ್ಯಾ ರೊಮಾನೊವ್ನಾ, ಮನೆಯಲ್ಲಿ ದೂನ್ಯಾ. ಚೀಟಿಯಲ್ಲಿ ಎಡಕ್ಕೆ ಪೂರ್ತಿ ಹೆಸರು, ಬಲಕ್ಕೆ ಮುದ್ದಿನ ಹೆಸರು, ಕೆಳಗೆ ಯಾರ ಕಡೆಯವರು ಅಂತ ಬರೆದುಕೋ. ಮೊದಲ ಐವತ್ತು ಪುಟ ದಾಟಿದರೆ ಚೀಟಿ ಬೇಕಾಗುವುದಿಲ್ಲ. ಮಾರ್ಕೆಸ್‌ನ 'ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್'ನ ಊರು ಮಕೊಂದೊದಲ್ಲಿ ಮಾತ್ರ ಚೀಟಿಯೂ ಕೈಕೊಡುತ್ತದೆ, ಕರ್ನಲ್‌ನ ಮಕ್ಕಳಲ್ಲೇ ಹದಿನೇಳು ಜನ ಔರೆಲಿಯಾನೊಗಳಿದ್ದಾರೆ. ಅಲ್ಲಿ ಗೊಂದಲವಾಗಬೇಕೆಂದೇ ಬರೆದದ್ದು, ಆಗಲಿ ಬಿಡು.

ಇನ್ನು ನಮ್ಮಿಬ್ಬರ ವಿಷಯ. ಜೊತೆಯಲ್ಲಿ ಓದುವುದಾದರೆ ಪುಟದ ಲೆಕ್ಕ ಬೇಡ, ಪ್ರತಿ ಆವೃತ್ತಿಗೂ ಪುಟ ಬೇರೆ, ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದರೂ ಬದಲಾಗುತ್ತದೆ. ಅಧ್ಯಾಯದ ಲೆಕ್ಕ ಹೇಳು. ಪತ್ರದಲ್ಲಿ ಎಲ್ಲಿಯವರೆಗೆ ಬಂದಿದ್ದೀಯ ಅನ್ನುವುದನ್ನು ಮೊದಲ ಸಾಲಿನಲ್ಲೇ ಹಾಕು, ಅಲ್ಲಿಂದಾಚೆ ನಾನು ಬಾಯಿ ಬಿಡುವುದಿಲ್ಲ. ಕಥಾಸಾರ ಬರೆಯಬೇಡ, ಅದು ಎಲ್ಲಿ ಬೇಕಾದರೂ ಸಿಗುತ್ತದೆ. ನೀನು ನಿಂತು ಎರಡನೇ ಸಲ ಓದಿದ ಒಂದು ಪ್ಯಾರಾ ನಕಲು ಮಾಡಿ ಕಳಿಸು. ನನ್ನ ಪ್ರತಿಯಲ್ಲಿ ಅದೇ ಪ್ಯಾರಾ ಹೇಗಿದೆ ಅಂತ ನಾನು ಕಳಿಸುತ್ತೇನೆ. ಅನುವಾದ ಮರದ ಹಾಗಿದ್ದರೆ, ಅಂದರೆ ಅಜ್ಜಿ, ಪೊಲೀಸ್, ಮಗು ಎಲ್ಲರೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದರೆ, ಲೇಖಕನನ್ನು ಬೈಯುವ ಮುಂಚೆ ಇನ್ನೊಂದು ಅನುವಾದದ ಮೊದಲ ಎರಡು ಪುಟ ಹೋಲಿಸಿ ನೋಡು. ಇ-ಪುಸ್ತಕದ ಉಚಿತ ಮಾದರಿ ಇರುವುದೇ ಇದಕ್ಕೆ.

ಮುಂದಿನದು ಬ್ರೆಜಿಲ್‌ನ ಮಷಾದೊ ದಿ ಅಸಿಸ್‌ನ 'ದ ಪಾಸ್ಚ್ಯುಮಸ್ ಮೆಮೊಯರ್ಸ್ ಆಫ್ ಬ್ರಾಸ್ ಕೂಬಾಸ್' ಅಂತ ಇಟ್ಟುಕೊಳ್ಳೋಣ. 1881ರ ಪುಸ್ತಕ, ಸತ್ತವನೊಬ್ಬ ಗೋರಿಯಾಚೆಯಿಂದ ತನ್ನ ಬದುಕಿನ ಕಥೆ ಹೇಳುತ್ತಾನೆ, ನಗಿಸುತ್ತಾನೆ. ನೂರ ಅರವತ್ತು ಅಧ್ಯಾಯ, ಕೆಲವು ನಾಲ್ಕೇ ಸಾಲು. ದಿನಕ್ಕೆ ಹತ್ತರಂತೆ ಹೋದರೂ ಹದಿನಾರು ದಿನಕ್ಕೆ ಮುಗಿಯುತ್ತದೆ. 55ನೇ ಅಧ್ಯಾಯದಲ್ಲಿ ಬರೀ ಚುಕ್ಕಿಗಳಿವೆ, ಫೈಲ್ ಕೆಟ್ಟಿದೆ ಅಂತ ಅಳಿಸಿಬಿಟ್ಟೀಯ. 2020ರಲ್ಲಿ ಎರಡು ಹೊಸ ಇಂಗ್ಲಿಷ್ ಅನುವಾದ ಬಂದವು: ಫ್ಲೋರಾ ಥಾಮ್ಸನ್-ಡೆವೊಳದ್ದೊಂದು, ಮಾರ್ಗರೆಟ್ ಜುಲ್ ಕೋಸ್ಟಾ ಮತ್ತು ರಾಬಿನ್ ಪ್ಯಾಟರ್ಸನ್ ಸೇರಿ ಮಾಡಿದ್ದೊಂದು. 'ಎಪಿಟಾಫ್ ಆಫ್ ಎ ಸ್ಮಾಲ್ ವಿನ್ನರ್' ಅನ್ನುವ ಹೆಸರು ಕಂಡರೆ ಅದೂ ಇದೇ ಪುಸ್ತಕ, 1952ರ ಅನುವಾದ. ನಾನು ಥಾಮ್ಸನ್-ಡೆವೊ ಹಿಡಿಯುತ್ತೇನೆ. ನೀನು ಇನ್ನೊಂದು ತಗೋ. ಮೊದಲ ಹತ್ತು ಅಧ್ಯಾಯ ಆದ ಕೂಡಲೇ ಬರಿ.

ನಿನ್ನ ಗೆಳೆಯ