ಆ ಸೀಸದ ಡಬ್ಬಿ ಒಡೆಯುವ ಮುಂಚೆ: ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಮ್ಮದು ಗುಜರಿ ಅಂಗಡಿ. ಅಪ್ಪನ ಕಾಲದಿಂದಲೂ ಇದೇ ಕಸುಬು. ನಮ್ಮಲ್ಲಿ ಸೀಸಕ್ಕೆ ಕಬ್ಬಿಣಕ್ಕಿಂತ ಜಾಸ್ತಿ ರೇಟು. ಹಾಗಾಗಿ ಗಾತ್ರಕ್ಕೆ ಮೀರಿದ ಭಾರದ ಡಬ್ಬಿ ಬಂದರೆ ಹುಡುಗರು ಮೊದಲು ಸುತ್ತಿಗೆ ಎತ್ತಿಕೊಳ್ಳುತ್ತಾರೆ. ಅಂಥ ಡಬ್ಬಿಯೊಳಗೆ ವಿಕಿರಣ ಸೂಸುವ ವಸ್ತು ಇರಬಹುದು. ನನ್ನ ಭಯ ಇರುವುದೇ ಅಲ್ಲಿ.

ಸ್ಟೀಲ್, ಸಿಮೆಂಟ್ ಕಾರ್ಖಾನೆಗಳಲ್ಲಿ ಹಾಪರ್, ಅಂದರೆ ಮಾಲು ತುಂಬುವ ದೊಡ್ಡ ತೊಟ್ಟಿ, ಅದರೊಳಗೆ ಮಾಲು ಎಷ್ಟು ಎತ್ತರಕ್ಕಿದೆ ಎಂದು ತಿಳಿಯಲು ಗೇಜ್ ಎಂಬ ವಿಕಿರಣದ ಅಳತೆ ಯಂತ್ರ ಬಳಸುತ್ತಾರೆ. ಅದರಲ್ಲಿ ವಿಕಿರಣ ಸೂಸುವ ಸೀಸಿಯಂ-137 ಅಥವಾ ಕೋಬಾಲ್ಟ್-60ರ ಸಣ್ಣ ತುಣುಕು ಇರುತ್ತದೆ. ಸುತ್ತಲಿನ ದಪ್ಪ ಸೀಸವೇ ಜನರನ್ನು ಕಾಯುವುದು. ನಾವು ಕಾಸಿಗಾಗಿ ಕಿತ್ತು ತೆಗೆಯುವುದೂ ಅದೇ ಸೀಸವನ್ನು. ಕೋಬಾಲ್ಟಿನ ವಿಕಿರಣ ಅರ್ಧಕ್ಕೆ ಕುಗ್ಗಲು ಐದು ವರ್ಷಕ್ಕೂ ಜಾಸ್ತಿ ಬೇಕು, ಸೀಸಿಯಂಗೆ ಸುಮಾರು 30 ವರ್ಷ. ಕಾರ್ಖಾನೆಗೆ ಬೀಗ ಬಿದ್ದು, ಡಬ್ಬಿಗೆ ತುಕ್ಕು ಹಿಡಿದಿದ್ದರೂ ಒಳಗಿನದು ಕೆಲಸ ಮಾಡುತ್ತಲೇ ಇರುತ್ತದೆ.

2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಆದದ್ದು ಇದೇ. ದೆಹಲಿ ವಿಶ್ವವಿದ್ಯಾಲಯ 1968ರಲ್ಲಿ ತರಿಸಿದ್ದ, ಒಳಗೆ ಕೋಬಾಲ್ಟ್-60 ಇದ್ದ ಯಂತ್ರ ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು. ಅದನ್ನು ಹರಾಜು ಹಾಕಿದರು. ಗುಜರಿಯವರು ಬಿಚ್ಚಿದರು. ಕೋಬಾಲ್ಟ್ ಹೊರಗೆ ಬಂತು. ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. ಸತ್ತವನೂ ನಮ್ಮ ಹುಡುಗರ ಹಾಗೆ ದಿನಗೂಲಿಗೆ ಬಂದವನೇ ಅಲ್ವಾ?

ಹೋದ ವರ್ಷ ನಮ್ಮ ಅಂಗಡಿಗೂ ಅಂಥ ಒಂದು ಡಬ್ಬಿ ಬಂತು. ಮೇಲೆ ಹಳದಿ ಬಣ್ಣ, ಫ್ಯಾನಿನ ಮೂರು ರೆಕ್ಕೆಯಂಥ ಗುರುತು. ನಾನು ಮುಟ್ಟಬೇಡಿ ಎಂದು ಕೂಗಿ, ಎಲ್ಲರನ್ನೂ ದೂರ ಕಳಿಸಿದೆ. ಮೂರು ಕಚೇರಿಗೆ ಫೋನ್ ಮಾಡಿದೆ. ಮೂವರೂ ನಮಗೆ ಸಂಬಂಧ ಇಲ್ಲ ಎಂದರು. ನಾಲ್ಕನೇ ದಿನ ಕಳಿಸಿದವರೇ ಬಂದು ತೆಗೆದುಕೊಂಡು ಹೋದರು. ಆ ನಾಲ್ಕು ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಇಂಥ ಉಪಕರಣಕ್ಕೆ ಮುಂಬೈನ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಬೇಡವಾದಾಗ ಸುರಕ್ಷಿತವಾಗಿ ಹಿಂದಿರುಗಿಸಬೇಕು. ನಿಯಮ ಇದೆ. ಆದರೆ ತೋರಣಗಲ್ಲು, ಸಂಡೂರು ಕಡೆಯಿಂದ ಗುಜರಿ ಹೊತ್ತು ಬರುವ ಲಾರಿಯವನಿಗೆ ಅದನ್ನು ಹೇಳಿದವರು ಯಾರು?

ಮುಚ್ಚಿದ ಕಾರ್ಖಾನೆಯ ಯಂತ್ರ ಹರಾಜಾಗುವ ಮುಂಚೆ ಗೇಜ್ ವಾಪಸ್ ಹೋಗಿದೆಯೇ ಎಂದು ನಿಮ್ಮ ಅಧಿಕಾರಿಗಳು ಕಾಗದ ನೋಡಲಿ. ನನಗೆ ಎಲ್ಲಕ್ಕಿಂತ ಮುಖ್ಯ ಅದೇ. ಅಗ್ನಿಶಾಮಕ ಠಾಣೆಯಲ್ಲಿ ವಿಕಿರಣ ಅಳೆಯುವ ಒಂದು ಮೀಟರ್ ಇರಲಿ, ಕನ್ನಡದಲ್ಲಿ ಉತ್ತರಿಸುವ ಒಂದು ನಂಬರ್ ಇರಲಿ. ಆ ಗುರುತಿನ ಚಿತ್ರ ಪ್ರತಿ ತಕ್ಕಡಿಯ ಪಕ್ಕ ಅಂಟಲಿ. ನಮ್ಮ ಹುಡುಗರಲ್ಲಿ ಓದು ಬಾರದವರೇ ಜಾಸ್ತಿ, ಚಿತ್ರ ದೊಡ್ಡದಿರಲಿ.

ತಿಳಿಸಿ ಹೇಳಲು ಯಾರನ್ನಾದರೂ ಕಳಿಸುವುದಾದರೆ ನಮ್ಮ ಅಂಗಡಿಯ ಅಂಗಳ ಇದೆ. ಭಾನುವಾರ ತಕ್ಕಡಿ ನಿಲ್ಲಿಸುತ್ತೇವೆ. ಅಕ್ಕಪಕ್ಕದ ಅಂಗಡಿಯವರನ್ನೂ ನಾನೇ ಕರೆಯುತ್ತೇನೆ.

ಇಂತಿ,
ಬಳ್ಳಾರಿಯ ಒಬ್ಬ ಗುಜರಿ ವ್ಯಾಪಾರಿ