ರವಿವಾರದ ಸಭೆ: ಇರುವ ಟೂಲ್ ಕಲಿಯುವುದೋ, ಹೊಸದು ಕಟ್ಟುವುದೋ?

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ರವಿವಾರ ಮುಂಜಾನೆ 10 ಗಂಟೆಗೆ, ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಎಂದಿನ ಕೋಣೆಯಲ್ಲಿ, ಪ್ರೋಗ್ರಾಮರ್‌ಗಳು ಈಗಾಗಲೇ ಇರುವ ಟೂಲ್ (ಕೆಲಸಕ್ಕೆ ನೆರವಾಗುವ ಸಾಫ್ಟ್‌ವೇರ್) ಕಲಿಯುವುದನ್ನು ಬಿಟ್ಟು ಹೊಸದನ್ನೇ ಏಕೆ ಕಟ್ಟುತ್ತಾರೆ ಎಂಬ ಬಗ್ಗೆ ಚರ್ಚೆ ಇದೆ. ಬೇರೆಯವರ ಕೋಡ್ ಓದುವುದಕ್ಕಿಂತ ಸ್ವಂತದ್ದು ಬರೆಯುವುದು ಹಗುರವೆನಿಸುವುದೇ ಬಹುಪಾಲು ಕಾರಣವೆಂದು ನನ್ನ ಅನಿಸಿಕೆ (ನಾನೂ ಇದಕ್ಕೆ ಹೊರತಲ್ಲ). ಆದರೆ 2005ರಲ್ಲಿ, ಕೋಡ್‌ನಲ್ಲಾಗುವ ಬದಲಾವಣೆಗಳ ದಾಖಲೆ ಇಡುವ ಬಿಟ್‌ಕೀಪರ್ ಎಂಬ ಟೂಲ್‌ನ ಉಚಿತ ಬಳಕೆ ನಿಂತಾಗ, ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅದೇ ಕೆಲಸಕ್ಕೆ ಗಿಟ್ ಎಂಬ ಹೊಸ ಟೂಲ್ ಬರೆದದ್ದು, ಆಗ ಉಚಿತವಾಗಿ ಸಿಗುತ್ತಿದ್ದ ಇಂಥ ಬೇರೆ ಟೂಲ್‌ಗಳ ವೇಗ ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೆಲಸಕ್ಕೆ ಸಾಲದೆ ಹೋದುದರಿಂದ.

ಹೊಸ ಟೂಲ್ ಆರಂಭಿಸಿರುವವರು, ಮೊದಲು ಯಾವುದನ್ನು ಬಳಸಿ ನೋಡಿದಿರಿ, ಅದು ಎಲ್ಲಿ ಕೈಕೊಟ್ಟಿತು ಎಂಬುದನ್ನು ಅರ್ಧ ಪುಟದಲ್ಲಿ ಬರೆದು ತರಬೇಕು. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಬೇಕೆಂದು ವಿನಂತಿ. ಕುರ್ಚಿಗಳು 20 ಮಾತ್ರ ಇವೆ.